ಕಂದು ಬಣ್ಣ ಹಚ್ಚುವ ನಾಳೆಯಕ್ಕ

“ಬಾಗಿಲಿಗೆ ಪಾಲಿಶ್ ಹಚ್ಚಿದ್ರೆ ಬಾಗಿಲು ತೆಪ್ಪಗಿರುತ್ತೆ ನೋಡಿ. ಅದಕ್ಕೆ ಕೆರೆತ ಬರಲ್ಲ, ಕಣ್ಣು ಉರಿಯಲ್ಲ, ಬೆಳಿಗ್ಗೆ ಎದ್ದು ಬಂದು ‘ಏನಮ್ಮಾ ಮಾಡ್ಬಿಟ್ಟೆ ನನಗೆ’ ಅಂತ ನನ್ನ ಮನೆ ಬಾಗಿಲು ಬಡಿಯಲ್ಲ. ನಮ್ಮಪ್ಪ ಜೀವಮಾನ ಪೂರ್ತಿ ಮರಕ್ಕೇ ಪಾಲಿಶ್ ಹಚ್ಚಿದ್ದು. ಮೇಜು, ಕುರ್ಚಿ, ಮಂಚ, ಬೀರು. ಒಂದು ಕುರ್ಚಿಯಾದ್ರೂ ವಾಪಸ್ ಬಂದು ಅಪ್ಪನ್ನ ಬೈದದ್ದು ನಾನು ಕಾಣೆ. ಅಂಥ ಮರಕ್ಕೇ ಅಪ್ಪ ಏನ್ಮಾಡೋರು ಗೊತ್ತಾ? ಕುರ್ಚಿ ತಲೆಕೆಳಗೆ ಮಾಡಿ, ಯಾರ ಕಣ್ಣಿಗೂ ಬೀಳದ ಕಡೆ ಒಂದು ಬೊಟ್ಟು ಹಚ್ಚಿ, ನಾಳೆ ನೋಡೋಣ ಅನ್ನೋರು. ಮರ ಅದನ್ನ ಹ್ಯಾಗೆ ಕುಡಿಯುತ್ತೆ ಅಂತ ತಿಳೀದೆ ಮುಂದಕ್ಕೆ ಕೈ ಹಾಕ್ತಿರ್ಲಿಲ್ಲ. ಕಡಿದು ಹಾಕಿದ ಮರಕ್ಕೇ ಅಷ್ಟು ಮರ್ಯಾದೆ ಇದ್ದ ಮೇಲೆ ಜೀವ ಇರೋ ಚರ್ಮಕ್ಕೆ ಬೇಡ್ವಾ? ಇವ್ರು ಬರ್ತಾರೆ, ಅಂಗಿ ಬಿಚ್ಚಿ ನಿಲ್ತಾರೆ, ‘ಹಚ್ಚಿ ಅಕ್ಕ, ಬೇಗ ಬೇಗ’ ಅಂತಾರೆ. ಯಾಕಪ್ಪಾ, ರೈಲು ಹೊರಡುತ್ತಾ? ಹಚ್ಚಲ್ಲ. ಮೊದ್ಲು ಮೊಣಕೈ ಒಳಗಡೆ ಒಂದು ಬೊಟ್ಟು. ಮನೆಗೆ ಹೋಗಿ, ಉಂಡು ಮಲಗಿ. ನಾಳೆ ಬಂದು ತೋರ್ಸಿ. ಕೆಂಪಾಗಿಲ್ಲ, ಕೆರೀತಿಲ್ಲ, ಗುಳ್ಳೆ ಎದ್ದಿಲ್ಲ ಅಂದ್ರೆ ನಿಮ್ಮ ಮೈ, ನನ್ನ ಕೈ. ಇಲ್ಲಾಂದ್ರೆ ನಮಸ್ಕಾರ. ನನ್ನನ್ನ ನಾಳೆಯಕ್ಕ ಅಂತ ಹಂಗಿಸ್ತಾರಂತೆ. ಹಂಗಿಸ್ಲಿ ಬಿಡಿ. ಇವತ್ತಕ್ಕ ಅಂತ ಹೆಸ್ರು ತಗೊಂಡು ಯಾರದೋ ಮುಖ ಕುಂಬಳಕಾಯಿ ಮಾಡೋದಕ್ಕಿಂತ ಇದೇ ವಾಸಿ.”

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ನಾಳೆಯಕ್ಕ ಬಂದವನ ಮೊಣಕೈಗೆ ಬೊಟ್ಟು ಹಚ್ಚಿ, ಅವನ ಅಂಗಿಯನ್ನು ಅವನ ಕೈಗೇ ಕೊಟ್ಟು, ಬಾಗಿಲವರೆಗೆ ಬಿಟ್ಟು ಬಂದಾಗಿರುತ್ತದೆ. ತಾನು ಯಾವಾಗ ಎದ್ದೆ, ಯಾವಾಗ ಹೊರಗೆ ಬಂದೆ ಎನ್ನುವುದೇ ಆ ಪುಣ್ಯಾತ್ಮನಿಗೆ ತಿಳಿದಿರುವುದಿಲ್ಲ.

ಅವಳ ಕಸುಬು ಮೈಗೆ ಕಂದು ಬಣ್ಣ ಕೊಡುವುದು. ಬಿಸಿಲಿಗೆ ಹೋಗದೆಯೇ ಬಿಸಿಲಿನಲ್ಲಿ ಮಾಗಿದವರಂತೆ ಕಾಣಬೇಕು ಎನ್ನುವವರು ಅವಳನ್ನು ಹುಡುಕಿಕೊಂಡು ಬರುತ್ತಾರೆ. ಹೆಚ್ಚಿನವರು ಅವಳ ಕೋಣೆಯ ಮುಂದಿರುವ ಜಿಮ್ಮಿನವರೇ, ದೇಹದಾರ್ಢ್ಯ ಸ್ಪರ್ಧೆಗೆ ನಿಲ್ಲುವವರು. ವೇದಿಕೆಯ ದೀಪ ಬಲು ಜೋರಿನದು. ಬಣ್ಣವಿಲ್ಲದ ಮೈ ಅದರ ಕೆಳಗೆ ಚಪ್ಪಟೆಯಾಗಿ, ಸಪ್ಪೆಯಾಗಿ ಕಾಣುತ್ತದೆ. ವರ್ಷವಿಡೀ ಬೆವರು ಸುರಿಸಿ ಎಬ್ಬಿಸಿದ ಖಂಡಗಳೆಲ್ಲ ಮನೆಯಲ್ಲೇ ಉಳಿದವೇನೋ ಅನ್ನಿಸುತ್ತದೆ. ಕಂದು ಹಚ್ಚಿದರೆ ಒಂದೊಂದು ಖಂಡವೂ ಕೆತ್ತಿದ ಹಾಗೆ ಎದ್ದು ಬರುತ್ತದೆ.

ಅವಳ ಕೋಣೆ ಜಿಮ್ಮಿನ ಹಿಂಭಾಗದಲ್ಲಿದೆ. ಮುರಿದ ಸೈಕಲ್ಲು, ತುಕ್ಕು ಹಿಡಿದ ತೂಕದ ಬಿಲ್ಲೆ ಇಡುತ್ತಿದ್ದ ಜಾಗ ಅದು. ಗೋಡೆಗೆ ಅವಳೇ ಕಪ್ಪು ಬಣ್ಣ ಬಳಿದಿದ್ದಾಳೆ, ಸ್ಪ್ರೇ ಹಾರಿದರೂ ಕಾಣಬಾರದೆಂದು. ಮೂಲೆಯಲ್ಲಿ ಬಟ್ಟೆಯ ಗುಡಾರ. ಬಣ್ಣ ಹಚ್ಚಿಸಿಕೊಳ್ಳುವವರು ಅದರೊಳಗೆ ನಿಲ್ಲಬೇಕು. ಮೇಲೆ ಗಾಳಿ ಎಳೆಯುವ ಫ್ಯಾನು, ಅದು ತಿರುಗದಿದ್ದರೆ ಆ ದಿನ ಕೆಲಸವೇ ಇಲ್ಲ. ಉದ್ದನೆಯ ವೈರಿನ ತುದಿಗೆ ಒಂದು ಬಲ್ಬು. ಅದನ್ನು ಕೈಯಲ್ಲಿ ಹಿಡಿದು ಮೈಯ ಸುತ್ತ ಓಡಿಸುತ್ತಾ ಎಲ್ಲಿ ಗೆರೆ ಬಿದ್ದಿದೆ, ಎಲ್ಲಿ ಮಚ್ಚೆ ಉಳಿದಿದೆ ನೋಡುತ್ತಾಳೆ. ಕೋಣೆಯ ಹಿಂದೆ ನೀರಿನ ತೊಟ್ಟಿ. ಅಲ್ಲಿ ಕೂತು ಅವಳ ಟವೆಲ್ಲು, ಹಾಸುಬಟ್ಟೆ ಒಗೆಯುವ ಕೆಲಸ ನನ್ನದು, ಇಲ್ಲಿ ಎಲ್ಲರ ಬಾಯಲ್ಲೂ ನಾನು ಅಜ್ಜಿ. ಒಳಗಿನ ಮಾತು ತೊಟ್ಟಿಯವರೆಗೆ ತಾನಾಗಿಯೇ ಬರುತ್ತದೆ, ನಾನು ಕಿವಿ ಕೊಡಬೇಕೆಂದೇನೂ ಇಲ್ಲ.

ಈ ಕಸುಬಿಗೆ ಅವಳು ಬಂದದ್ದು ಸಿಟ್ಟಿನಿಂದ. ಕಾರ್ಖಾನೆಯಿಂದಲೇ ಹೊಳಪು ಹೊತ್ತು ಬರುವ ಮೇಜು ಕುರ್ಚಿಗಳು ಬಂದ ಮೇಲೆ ಅಪ್ಪನ ಪಾಲಿಶ್ ಕೆಲಸ ಬಡವಾಗಿತ್ತು. ಅಪ್ಪನಿಂದ ಆ ಕೆಲಸ ಕಲಿತಿದ್ದ ಇವಳು ಒಂದು ದಿನ ಜಿಮ್ಮಿನ ಮುಂದಿನ ಮೇಜಿಗೆ ಪಾಲಿಶ್ ಹಚ್ಚಲು ಬಂದಿದ್ದಳು. ಒಳಗೆ ಒಬ್ಬ ಸ್ಪರ್ಧಿಗೆ ಅವನ ಗೆಳೆಯ ಸ್ಪಂಜಿನಿಂದ ಕಂದು ಬಣ್ಣ ಬಳಿಯುತ್ತಿದ್ದ. ಬೆನ್ನ ತುಂಬ ಗೆರೆ, ಮಂಡಿಯಲ್ಲಿ ಕಪ್ಪು ಕೆಸರು, ಅಂಗೈ ಕಿತ್ತಳೆ. ಇವಳು ಎಷ್ಟೋ ಹೊತ್ತು ತಡೆದುಕೊಂಡಳು. ಕೊನೆಗೆ ಬ್ರಶ್ಶು ಕೆಳಗಿಟ್ಟು, “ಏನಪ್ಪಾ ಅದು, ಬೆನ್ನೋ ಹಳೇ ಗೋಡೆಯೋ? ಕೊಡು ಇಲ್ಲಿ,” ಎಂದು ಸ್ಪಂಜು ಕಿತ್ತುಕೊಂಡಳಂತೆ. ಇವಳು ಹಚ್ಚಿ ಕಳಿಸಿದ ಆ ಸ್ಪರ್ಧಿ ಆ ಸಲ ಕಪ್ ಗೆದ್ದ. ಮಾರನೆಯ ವಾರ ಜಿಮ್ಮಿನ ಯಜಮಾನರೇ ಹೇಳಿ ಕಳಿಸಿದರು.

ಹಾಗೆಂದು ಎಲ್ಲ ಅವಳಿಗೆ ಹುಟ್ಟುತ್ತಲೇ ಬಂದದ್ದಲ್ಲ. ಒಂದು ಬ್ಯೂಟಿ ಪಾರ್ಲರಿನ ಯಜಮಾನಿಯ ಹತ್ತಿರ ಹೋಗಿ ಕಲಿತಳು. ಬಣ್ಣ ಸಿಂಪಡಿಸುವಾಗ ಕಣ್ಣಿಗೆ ಮುಚ್ಚಳ ಬೇಕು, ಮೂಗಿಗೆ ಅಡ್ಡ ಬೇಕು, ತುಟಿಗೆ ಮುಲಾಮು ಬೇಕು, ಉಸಿರಿನ ಜೊತೆ ಆ ಮಂಜು ಒಳಗೆ ಹೋಗಬಾರದು ಎಂದು ಹೇಳಿಕೊಟ್ಟವಳು ಅವಳು. ಉಳಿದದ್ದನ್ನು ಬೀದಿಯ ತುದಿಯಲ್ಲಿರುವ ಚರ್ಮದ ಡಾಕ್ಟರಮ್ಮನನ್ನು ಕೇಳಿ ಕೇಳಿ ತಿಳಿದುಕೊಂಡಳು. ಡಾಕ್ಟರಮ್ಮನಿಗೂ ತಾಳ್ಮೆ ಜಾಸ್ತಿ. ಕತ್ತರಿಸಿಟ್ಟ ಸೇಬು ಕಂದಾಗುವ ಹಾಗೆ ಚರ್ಮದ ತೀರಾ ಮೇಲಿನ, ಉದುರಿ ಹೋಗುವ ಪದರ ಮಾತ್ರ ಕಂದಾಗುತ್ತದೆ, ಆ ಪದರ ಉದುರಿದಂತೆ ಬಣ್ಣವೂ ಹೋಗುತ್ತದೆ ಎಂದು ವಿವರಿಸಿದರಂತೆ. ಅಂದಿನಿಂದ ಇವಳು ಎಲ್ಲರಿಗೂ ಸೇಬಿನ ಕಥೆ ಹೇಳುತ್ತಾಳೆ. ಕೇಳಿ ಕೇಳಿ ನನಗೂ ಬಾಯಿಪಾಠ.

ಬಂದವರೆಲ್ಲ ಒಂದೇ ಥರ ಇರುವುದಿಲ್ಲ. ಈಜು ಕಲಿಸುವ ಮೇಷ್ಟ್ರೊಬ್ಬರು ಬಣ್ಣ ಹಚ್ಚಿಸಿಕೊಂಡು, ಇನ್ನು ಬಿಸಿಲಿನ ಕ್ರೀಮು ಯಾಕೆ, ಮೈ ಆಗಲೇ ಕಂದಾಗಿದೆಯಲ್ಲ ಎಂದು ಹಾಗೇ ಕೊಳದ ದಂಡೆಯಲ್ಲಿ ಮಧ್ಯಾಹ್ನವೆಲ್ಲ ನಿಂತರು. ಮೂಗು ಸುಲಿದುಕೊಂಡು ಬಂದಾಗ ನಾಳೆಯಕ್ಕ ಸೊಂಟಕ್ಕೆ ಕೈಕೊಟ್ಟು, “ಮೇಷ್ಟ್ರೇ, ನಾನು ಕೊಟ್ಟದ್ದು ಬಣ್ಣ, ಕೊಡೆ ಅಲ್ಲ. ನಾನು ಹೇಳಿದ್ನೋ ಇಲ್ವೋ?” ಎಂದಳು. “ಹೇಳಿದ್ರಿ,” ಎಂದರು ಮೇಷ್ಟ್ರು ಮೂಗು ಮುಟ್ಟಿಕೊಂಡು, ತಮ್ಮ ಶಿಷ್ಯರ ಹಾಗೆ. ಇನ್ನೊಬ್ಬ ಬಂದು, ಹಚ್ಚುವುದೆಲ್ಲ ರಗಳೆ, ನುಂಗುವ ಗುಳಿಗೆಯೋ ಮೂಗಿಗೆ ಬಿಡುವ ಹನಿಯೋ ಇದ್ದರೆ ಕೊಡಿ, ಫೋನಿನಲ್ಲಿ ನೋಡಿದೆ ಎಂದ. “ಒಳಗಡೆ ಕಂದಾಗಿ ಯಾರಿಗೆ ತೋರಿಸ್ಬೇಕು ನೀನು? ನುಂಗೋದು ಚುಚ್ಚೋದು ನನ್ನ ಹತ್ರ ಇಲ್ಲ. ಡಾಕ್ಟರಮ್ಮನ್ನ ಕೇಳದೆ ಆ ಸಾಮಾನು ಮುಟ್ಟಿದೆ ಅಂತ ಗೊತ್ತಾದ್ರೆ ನಿಮ್ಮಮ್ಮನಿಗೆ ಹೇಳ್ತೀನಿ,” ಎಂದಳು. ಅವನಿಗೆ ಮೀಸೆ ನರೆತಿತ್ತು. ಆದರೂ ಅಮ್ಮನ ಹೆಸರಿಗೆ ಹೆದರಿ ಹೋದ.

ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬಳು ತಿಂಗಳಿಗೆ ಕೆಲವು ಸಲ ಬರುತ್ತಾಳೆ. ಅವಳ ಬೆರಳುಗಳ ಮೇಲೆ ಬಿಳಿ ಮಚ್ಚೆ. ಬಟ್ಟೆ ಹರಡಿ ತೋರಿಸುವಾಗ ಕೊಳ್ಳುವವರು ಬಟ್ಟೆ ಬಿಟ್ಟು ಕೈ ನೋಡುತ್ತಾರೆ ಎಂದು ಡಾಕ್ಟರಮ್ಮನೇ ಇಲ್ಲಿಗೆ ಕಳಿಸಿದ್ದು. ನಾಳೆಯಕ್ಕ ಹತ್ತಿಕಡ್ಡಿ ಹಿಡಿದು, ಮಚ್ಚೆಯ ಅಂಚು ಉಳಿದ ಚರ್ಮದೊಳಗೆ ಕರಗುವ ಹಾಗೆ ಚೂರು ಚೂರೇ ಹಚ್ಚುತ್ತಾಳೆ. ಆ ಹೊತ್ತು ಅವಳ ಬಾಯಿ ಬಂದ್. ಬಟ್ಟೆಯಂಗಡಿಯವಳದು ಮಾತ್ರ ನಿಲ್ಲುವುದಿಲ್ಲ, ಮಾಲೀಕರ ಗೊರಕೆ, ಸೀರೆ ಬಿಚ್ಚಿಸಿ ಬಿಚ್ಚಿಸಿ ಒಂದು ಕರ್ಚೀಫು ಕೊಂಡು ಹೋಗುವವರ ಕಥೆ ಎಲ್ಲ ಆಗ ಬರುತ್ತದೆ. ಒಂದು ಸಲ ಅವಳು ಬಣ್ಣ ಹಚ್ಚಿಸಿಕೊಳ್ಳದೆ ಬರೀ ಮಾತಾಡಿ ಹೋದಳು. “ಇವತ್ತು ಬೇಡ ಅಕ್ಕ, ನೋಡಿದ್ರೆ ನೋಡ್ಲಿ ಅನ್ನಿಸ್ತಿದೆ,” ಎಂದಳು. “ಹಂಗಾದ್ರೆ ಟೀ ಕುಡಿ,” ಎಂದಳು ನಾಳೆಯಕ್ಕ.

ಇಂಥವಳಿಗೆ ಒಬ್ಬ ತಮ್ಮ. ಲಿಫ್ಟ್ ರಿಪೇರಿ ಮಾಡುವವನು, ಅದಕ್ಕೇ ಊರೆಲ್ಲ ಅವನನ್ನು ಮೇಲೆಕೆಳಗೆ ಎನ್ನುತ್ತದೆ. ವಯಸ್ಸು ಐವತ್ತು ದಾಟಿದೆ. ಅವನ ಹೆಂಡತಿ ಬೇಕರಿಯ ಕೌಂಟರಿನಲ್ಲಿ ನಿಲ್ಲುವವಳು. ನಾಲಿಗೆ ಬಿಸಿ ಬನ್ನಿನ ಹಾಗೆ, ಮುಟ್ಟಿದರೆ ಸುಡುತ್ತದೆ, ಆದರೆ ಮೆತ್ತಗಿದೆ. ಅವನು ಜಿಮ್ಮಿಗೆ ಸೇರಿದ್ದೇ ಒಂದು ತಮಾಷೆ. ಎತ್ತರದ ಕಟ್ಟಡವೊಂದರಲ್ಲಿ ಲಿಫ್ಟು ಕೆಟ್ಟಿತ್ತು. ಇವನು ಸಾಮಾನಿನ ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತುತ್ತಾ ಮಧ್ಯದಲ್ಲಿ ಕೂತುಬಿಟ್ಟ. ತರಕಾರಿ ಚೀಲ ಹಿಡಿದ ಮುದುಕಿಯೊಬ್ಬರು ಅವನನ್ನು ದಾಟಿ ಹೋಗುತ್ತಾ, “ನೀನು ನಿಧಾನವಾಗಿ ಬಾಪ್ಪಾ, ನಾನು ಮೇಲೆ ಹೋಗಿ ನೀರು ಕಳಿಸ್ತೀನಿ,” ಎಂದರು. ಮಾರನೆಯ ದಿನ ಅವನು ಜಿಮ್ಮಿನಲ್ಲಿದ್ದ.

ಮೊದಲು ಹೊಟ್ಟೆ ಕರಗಿತು, ಆಮೇಲೆ ತೋಳು ಬಂತು, ಆಮೇಲೆ ಹುಚ್ಚು ಹಿಡಿಯಿತು. ಐವತ್ತು ದಾಟಿದವರ ಸ್ಪರ್ಧೆಗೆ ಹೆಸರು ಕೊಟ್ಟ. ಕೊಟ್ಟು ಸುಮ್ಮನಿದ್ದನೇ? ಸ್ಪರ್ಧೆಯ ನೋಟೀಸನ್ನು ತಾನು ರಿಪೇರಿ ಮಾಡುವ ಪ್ರತಿ ಲಿಫ್ಟಿನೊಳಗೂ ಅಂಟಿಸಿದ, ತನ್ನ ಹೆಸರಿನ ಕೆಳಗೆ ಗೆರೆ ಎಳೆದು. ಲಿಫ್ಟಿನಲ್ಲಿ ನಿಂತವರಿಗೆ ಓದಲು ಬೇರೇನೂ ಇರುವುದಿಲ್ಲ. ಕಟ್ಟಡ ಕಟ್ಟಡವೇ ನೋಡಲು ಬರುತ್ತೇವೆ ಎಂದಿತು.

ಸ್ಪರ್ಧೆ ಭಾನುವಾರ. ಉಳಿದವರೆಲ್ಲ ಮೊದಲೇ ಬಂದು ಬೊಟ್ಟು ಹಚ್ಚಿಸಿಕೊಂಡು ಹೋಗಿದ್ದರು. ತಮ್ಮ ಬಂದದ್ದು ಶುಕ್ರವಾರ ಸಂಜೆ, ಕೆಲಸ ಮುಗಿಸಿ, ಗ್ರೀಸಿನ ವಾಸನೆಯ ಜೊತೆ.

“ಹಚ್ಚಕ್ಕ. ಭಾನುವಾರಕ್ಕೆ ಚೆನ್ನಾಗಿ ಕೂತ್ಕೊಳ್ಳುತ್ತೆ,” ಎಂದ.

“ಕೈ ಚಾಚು.”

“ಏನು, ನನಗೂ ನಾಳೆನಾ?”

“ನೀನು ನನ್ನ ತಮ್ಮ ಅಂತ ನಿನ್ನ ಚರ್ಮಕ್ಕೆ ಗೊತ್ತಿಲ್ಲ. ಚಾಚು.”

“ಊರೋರಿಗೆಲ್ಲ ಒಂದು, ಒಡಹುಟ್ಟಿದವನಿಗೂ ಅದೇ!”

“ಒಡಹುಟ್ಟಿದವನು ಅಂತಲೇ. ಊರೋನಿಗೆ ಗುಳ್ಳೆ ಎದ್ರೆ ನನ್ನನ್ನ ಬೈದು ಹೋಗ್ತಾನೆ. ನಿನಗೆ ಎದ್ರೆ ನಿನ್ನ ಹೆಂಡತಿ ಇಲ್ಲೇ ಬಂದು ಕೂರ್ತಾಳೆ.”

ಎಡಗೈ ಮೊಣಕೈಯ ಒಳಗೆ ಬೊಟ್ಟು ಬಿತ್ತು. ಅವನು ಅಂಗಿ ಹಾಕಿಕೊಂಡು ಗೊಣಗುತ್ತಾ ಹೋದ.

ಶನಿವಾರ ಮಧ್ಯಾಹ್ನ ಗಂಡಹೆಂಡತಿ ಇಬ್ಬರೂ ಬಂದರು. ಹೆಂಡತಿಯ ಕೈಯಲ್ಲಿ ಹಳೆಯ ಕಪ್ಪು ಬೆಡ್‌ಶೀಟು, ರಾತ್ರಿ ಹಾಸಿಗೆಗೆ ಬಣ್ಣ ಹತ್ತದಿರಲೆಂದು. ತಮ್ಮನ ಎಡಗೈಗೆ ದೊಡ್ಡದೊಂದು ಬ್ಯಾಂಡೇಜು.

“ಇದೇನೋ?” ಎಂದಳು ನಾಳೆಯಕ್ಕ.

“ಲಿಫ್ಟಿನ ಬಾಗಿಲಿಗೆ ತಗುಲ್ತು. ಸಣ್ಣ ಗಾಯ. ಬೊಟ್ಟು ಇಲ್ಲಿದೆ ನೋಡು, ಬಲಗೈಯಲ್ಲಿ. ಏನೂ ಆಗಿಲ್ಲ. ಕೆಂಪಿಲ್ಲ, ಕೆರೆತ ಇಲ್ಲ, ಮಗು ಥರ ಮಲಗಿದೆ.”

“ನಾನು ಹಚ್ಚಿದ್ದು ಎಡಗೈಗೆ.”

“ಬಲಗೈಗೇ ಅಕ್ಕ. ನಿನಗೆ ವಯಸ್ಸಾಯ್ತು.”

ಹೆಂಡತಿ ಬೆಡ್‌ಶೀಟು ಮಡಿಸುತ್ತಾ, “ಅತ್ತಿಗೆ, ನನಗೂ ಎಡಗೈ ಅಂತಲೇ ನೆನಪು. ಆದ್ರೆ ಇವ್ರು ಬೆಳಿಗ್ಗೆಯಿಂದ ಬಲ ಅಂದ್ರೆ ಬಲ ಅಂತಿದಾರೆ,” ಎಂದಳು.

ನಾಳೆಯಕ್ಕ ಬಲ್ಬು ಹಿಡಿದು ಬಲಗೈ ನೋಡಿದಳು. ಬಣ್ಣ ಸರಿಯಾಗಿತ್ತು. ಅದೇ ಕಂದು, ಒಂದು ಚೂರು ಹೆಚ್ಚಿಲ್ಲ, ಕಡಿಮೆಯಿಲ್ಲ. ಪಾಲಿಶ್ ಕೆಲಸದವನ ಮಗ ಅಲ್ಲವೇ, ಬಣ್ಣ ಹೊಂದಿಸುವ ಕಣ್ಣು ಅವನಿಗೂ ಅಪ್ಪನಿಂದಲೇ ಬಂದದ್ದು. ಅವಳು ಬಲ್ಬನ್ನು ಪಕ್ಕಕ್ಕೆ ತಂದಳು. ಮುಖ ಬದಲಾಯಿತು.

“ಏನೋ ಇದು, ಮಿಂಚ್ತಾ ಇದೆ?”

“ಏನು?”

“ಬೊಟ್ಟು. ನನ್ನ ಬಣ್ಣ ಮಿಂಚಲ್ಲ ಕಣೋ. ಇದು ಕನ್ನಡಿ ಥರ ಮಿಂಚ್ತಾ ಇದೆ.” ಒದ್ದೆ ಹತ್ತಿ ತೆಗೆದು ಜೋರಾಗಿ ಒರೆಸಿದಳು. ಹತ್ತಿಯೆಲ್ಲ ಕಂದಾಯಿತು, ಕೈ ಬೆಳ್ಳಗೆ ಬಂತು. ಅವಳು ಹತ್ತಿಯನ್ನು ಮೂಗಿನ ಹತ್ತಿರ ಹಿಡಿದಳು. “ಶೂ ಪಾಲಿಶ್!”

“ಅಯ್ಯೋ ನನ್ನ ಕರ್ಮವೇ,” ಎಂದಳು ಹೆಂಡತಿ. “ಬೆಳಿಗ್ಗೆ ಮಗಳು ಡಬ್ಬಿ ಎಲ್ಲಿ, ಡಬ್ಬಿ ಎಲ್ಲಿ ಅಂತ ಮನೆಯೆಲ್ಲ ಹುಡುಕಿ ಮಾಸಿದ ಶೂನಲ್ಲೇ ಕೆಲಸಕ್ಕೆ ಹೋದ್ಲು!”

ನಾಳೆಯಕ್ಕನಿಗೆ ಸಿಟ್ಟಿಗಿಂತ ನಗು ಮೊದಲು ಬಂತು. “ಹಚ್ಚಿದ್ದು ಹಚ್ಚಿದೆ, ಅದನ್ನ ಬಟ್ಟೆ ತಗೊಂಡು ಉಜ್ಜಿ ಹೊಳಪು ಬೇರೆ ಬರಿಸಿದ್ದೀಯಲ್ಲೋ!”

ತಮ್ಮ ತಲೆ ತಗ್ಗಿಸಿದ. “ಗೊತ್ತಾಗ್ಲಿಲ್ಲ ಅಕ್ಕ. ಹಚ್ಚಿದ ಮೇಲೆ ಕೈ ತಾನೇ ಬಟ್ಟೆ ಹುಡುಕ್ತು. ಅಪ್ಪ ಅಷ್ಟು ಸಲ ತಲೆ ಮೇಲೆ ಮೊಟಕಿ ಕಲಿಸಿದ್ದು.”

“ಬಿಚ್ಚು ಆ ಪಟ್ಟಿ.”

ಬ್ಯಾಂಡೇಜು ಬಿಚ್ಚಿದ. ಎಡ ಮೊಣಕೈಯ ಒಳಗೆ ಬೊಟ್ಟಿನ ಸುತ್ತ ಕೆಂಪಗೆ ಊದಿ, ಸಣ್ಣ ಸಣ್ಣ ಗುಳ್ಳೆ ಎದ್ದಿತ್ತು. ಉಗುರಿನ ಗೀರುಗಳೂ ಇದ್ದವು. ಹೆಂಡತಿ ಬೆಡ್‌ಶೀಟು ಕೆಳಗಿಟ್ಟು ಹತ್ತಿರ ಬಂದಳು.

“ಆಗಲ್ಲ,” ಎಂದಳು ನಾಳೆಯಕ್ಕ. “ನಿನಗೆ ಈ ಬಣ್ಣ ಆಗಲ್ಲ.”

“ಒಂದೇ ದಿನದ ಮಾತು ಅಕ್ಕ. ಕೆರ್ಕೊಂಡು ಸಾಯ್ತೀನಿ ಬಿಡು. ವೇದಿಕೆ ಇಳಿದ ತಕ್ಷಣ ತೊಳೆದ್ಬಿಡ್ತೀನಿ.”

“ತೊಳೆದ್ರೆ ಹೋಗಲ್ಲ ಇದು. ಬೊಟ್ಟಿನಷ್ಟಕ್ಕೇ ಇಷ್ಟು ಕೆರ್ಕೊಂಡಿದ್ದೀಯ. ಇಡೀ ಮೈಗೆ ಹಚ್ಚಿದ್ರೆ ಎಷ್ಟು ಕೈ ಬೇಕು ನಿನಗೆ? ಮುಖ ಊದ್ಕೊಂಡು ಕಣ್ಣು ಮುಚ್ಚಿದ್ರೆ? ಉಸಿರಿಗೆ ತೊಂದ್ರೆ ಆದ್ರೆ?”

“ಹಾಗಾದ್ರೆ ಮಾರ್ಕೆಟ್ ಹತ್ರ ‘ಒಂದೇ ನಿಮಿಷ’ ಅಂತ ಇದ್ದಾನಲ್ಲ, ಅವನ ಹತ್ರ ಹೋಗ್ತೀನಿ. ಅವನು ಬೊಟ್ಟು ಗಿಟ್ಟು ಏನೂ ಕೇಳಲ್ಲ.”

“ಹೋಗು. ಬಾಟ್ಲಿ ಮೇಲಿನ ಚಿತ್ರ ಬೇರೆ ಇರುತ್ತೆ, ಒಳಗಿನ ಔಷಧಿ ಬಹುಶಃ ಇದೇ. ಅವನು ಕೇಳಲ್ಲ, ಆದ್ರೆ ನಿನ್ನ ಚರ್ಮ ಕೇಳುತ್ತೆ.”

ಅವನು ಅಂಗಿಯನ್ನು ಹೆಗಲಿಗೆ ಹಾಕಿಕೊಂಡು ಎದ್ದವನು ಬಾಗಿಲವರೆಗೆ ಹೋಗಿ ನಿಂತ. ತಿರುಗಿ ಬಂದು ಸ್ಟೂಲಿನ ಮೇಲೆ ಧೊಪ್ಪನೆ ಕೂತ. ಅಷ್ಟು ದೊಡ್ಡ ತೋಳು ಬೆಳೆಸಿದ ಗಂಡಸು ಚಿಕ್ಕವನ ಹಾಗೆ ಕಂಡ.

“ಎಲ್ಲ ಲಿಫ್ಟಲ್ಲೂ ನಾನೇ ಅಂಟಿಸಿದ್ದೀನಿ ಅಕ್ಕ,” ಎಂದ. “ಮೆಟ್ಟಿಲಲ್ಲಿ ನೀರು ಕಳಿಸಿದ ಆ ಅಮ್ಮನೂ ಬರ್ತಾರಂತೆ. ನಾನು ನಾಳೆ ವೇದಿಕೆ ಹತ್ತದೇ ಇದ್ರೆ ಯಾವ ಮುಖ ಇಟ್ಕೊಂಡು ಆ ಕಟ್ಟಡಗಳಿಗೆ ಹೋಗ್ಲಿ? ಬಣ್ಣ ಇಲ್ಲದೆ ಹತ್ತಿದ್ರೆ ಬೇಯದ ಬನ್ನಿನ ಥರ ಕಾಣ್ತೀನಿ.”

“ಹತ್ತಬೇಡ ಅಂತ ಯಾರು ಹೇಳಿದ್ರು?” ಎಂದಳು ಅಕ್ಕ. “ಬಣ್ಣ ಹಚ್ಚಲ್ಲ ಅಂದೆ ಅಷ್ಟೆ.”

ಅವಳು ಮೊದಲು ಅವನನ್ನು ಡಾಕ್ಟರಮ್ಮನ ಹತ್ತಿರ ಓಡಿಸಿದಳು. ಅವನು ಹೋಗಿ ಬರುವುದರೊಳಗೆ ಸ್ಪರ್ಧೆಯ ಕಾರ್ಯದರ್ಶಿಗೆ ಫೋನು ಮಾಡಿದಳು. ಫೋನಿನ ದನಿ ತೊಟ್ಟಿಯವರೆಗೆ ಕೇಳುತ್ತಿತ್ತು.

“ಬಣ್ಣ ಹಚ್ಚಲೇಬೇಕು ಅಂತ ನಿಮ್ಮಲ್ಲಿ ನಿಯಮ ಇದ್ಯಾ ಸಾರ್?”

“ನಿಯಮ... ಇಲ್ಲಮ್ಮ. ನಿಯಮ ಇರೋದು ಚಡ್ಡಿಗೆ. ಆದ್ರೆ ಹಚ್ಚದೇ ಯಾರೂ ಬಂದದ್ದಿಲ್ಲ.”

“ಬಂದ್ರೆ ಬಿಡ್ತೀರಾ?”

“ಬಿಡದೆ ಏನು? ಪಾಪ, ಅವನ ಇಷ್ಟ.”

ತಮ್ಮ ಮುಲಾಮಿನ ಟ್ಯೂಬು ಹಿಡಿದು ಬಂದ. ಡಾಕ್ಟರಮ್ಮ ಗಾಯ ತೊಳೆಸಿ, ಅದು ಪೂರ್ತಿ ವಾಸಿಯಾಗುವವರೆಗೆ ಬಣ್ಣ, ಸೆಂಟು, ಎಣ್ಣೆ ಯಾವುದೂ ಮೈಗೆ ಬೇಡ ಎಂದಿದ್ದರು. ಬಾಟಲಿಯೊಳಗಿನ ಯಾವ ವಸ್ತು ಅವನಿಗೆ ಆಗದು, ಬಣ್ಣವೋ, ಪರಿಮಳವೋ, ಕೆಡದಂತೆ ಹಾಕಿದ್ದೋ, ಅದನ್ನು ಆಮೇಲೆ ಪರೀಕ್ಷೆ ಮಾಡಿ ನೋಡೋಣ ಎಂದಿದ್ದರು. ಮೂಗಿಗೆ, ಕಣ್ಣಿಗೆ ಊತ ಬಂದರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು ಎಂದೂ ಹೆದರಿಸಿ ಕಳಿಸಿದ್ದರು.

“ಹೊಳಪಿಗೆ ಎಣ್ಣೆನೂ ಇಲ್ಲ!” ಎಂದ ಅವನು ಅಳುವವನ ಹಾಗೆ.

“ಬೇಡ. ಇಲ್ಲಿ ನಿಲ್ಲು.” ಅವಳು ಕಿಟಕಿ ಮುಚ್ಚಿದಳು, ಬಲ್ಬು ಹಿಡಿದಳು. “ಅಪ್ಪ ಬಾಗಿಲಲ್ಲಿ ಉಬ್ಬುತಗ್ಗು ಹುಡುಕ್ತಿದ್ದದ್ದು ಹ್ಯಾಗೆ ಹೇಳು?”

“ದೀಪ ಪಕ್ಕಕ್ಕೆ ಹಿಡಿದು.”

“ಎದುರಿಗೆ ಹಿಡಿದ್ರೆ?”

“ಎಲ್ಲ ಸಮ ಕಾಣ್ಸುತ್ತೆ.”

“ಹಾಂ. ಬಾಗಿಲಲ್ಲಿ ಉಬ್ಬು ಇದ್ರೆ ತಪ್ಪು, ನಿನ್ನ ಮೈಯಲ್ಲಿ ಉಬ್ಬು ಇದ್ರೆ ಮಾರ್ಕು. ನಾಳೆ ವೇದಿಕೆ ಮೇಲೆ ದೀಪಕ್ಕೆ ಎದೆ ಕೊಟ್ಟು ನಿಲ್ಲಬೇಡ. ನಡುಮಧ್ಯೆ ಬೇಡ, ಅಂಚಿಗೆ ಹೋಗು. ಅಲ್ಲಿ ದೀಪ ಓರೆಯಾಗಿ ಬೀಳುತ್ತೆ. ಸ್ವಲ್ಪ ತಿರುಗು. ಇನ್ನೂ ಸ್ವಲ್ಪ. ಹಾ! ನೋಡೇ ನಿನ್ನ ಗಂಡನ್ನ.”

ಬಲ್ಬಿನ ಓರೆ ಬೆಳಕಿನಲ್ಲಿ ತೋಳಿನ ಕೆಳಗೆ, ಪಕ್ಕೆಯ ಮೇಲೆ ಕತ್ತಲು ಕೂತು, ಖಂಡಗಳು ಒಂದೊಂದೇ ಎದ್ದು ನಿಂತವು. ಹೆಂಡತಿ ಹತ್ತಿರ ಬಂದು ನೋಡಿದಳು.

“ಮನೇಲಿ ಇಷ್ಟು ದಿನ ಟ್ಯೂಬ್‌ಲೈಟ್ ಕೆಳಗೆ ನೋಡಿ ಮೋಸ ಹೋದೆ ಅತ್ತಿಗೆ,” ಎಂದಳು. ತಮ್ಮನಿಗೆ ನಗು ಬಂದು ಹೊಟ್ಟೆಯ ಬಿಗಿ ಸಡಿಲವಾಯಿತು. “ನಗಬೇಡ, ಹೊಟ್ಟೆ ಬಿಟ್ಟೆ,” ಎಂದು ಅಕ್ಕ ಬೆನ್ನಿಗೆ ಒಂದು ಕೊಟ್ಟಳು. ಸಂಜೆಯವರೆಗೂ ಅವನನ್ನು ಗಡಿಯಾರದ ಮುಳ್ಳಿನ ಹಾಗೆ ತಿರುಗಿಸಿ ತಿರುಗಿಸಿ ನಿಲ್ಲಿಸಿದಳು.

ಭಾನುವಾರ ಸಭಾಂಗಣ ತುಂಬಿತ್ತು. ಹಿಂದಿನ ಸಾಲುಗಳೆಲ್ಲ ಲಿಫ್ಟಿನ ಜನ. ನಾವು ಮೂವರು ಹೆಂಗಸರು ಪಕ್ಕದ ಕುರ್ಚಿಗಳಲ್ಲಿ ಕೂತೆವು. ಐವತ್ತು ದಾಟಿದವರು ಒಬ್ಬೊಬ್ಬರಾಗಿ ವೇದಿಕೆಗೆ ಬಂದರು, ಎಲ್ಲರೂ ಬಣ್ಣದ ಮೇಲೆ ಎಣ್ಣೆ ಸವರಿಕೊಂಡು ಹೊಸ ಬೀರುಗಳ ಹಾಗೆ ಕಂದಗೆ ಥಳಥಳ. ಕೊನೆಗೆ ತಮ್ಮ ಬಂದ. ಬೀರುಗಳ ಪಕ್ಕ ಬೀರು ತುಂಬಿ ತಂದ ರಟ್ಟಿನ ಡಬ್ಬ ಇಟ್ಟ ಹಾಗಾಯಿತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಅದು ಹರಡಿ ಅರ್ಧ ಸಭಾಂಗಣ ನಕ್ಕಿತು. ಬೇಕರಿಯವಳು ನನ್ನ ಕೈ ಹಿಡಿದುಕೊಂಡಳು. ನಾಳೆಯಕ್ಕ ಮಾತ್ರ ಬಾಯೊಳಗೇ, “ಅಂಚಿಗೆ ಹೋಗು, ಅಂಚಿಗೆ ಹೋಗೋ,” ಎನ್ನುತ್ತಿದ್ದಳು.

ಅವನು ನಡುಮಧ್ಯೆ ನಿಂತು ಗಾಬರಿಯಿಂದ ಸುತ್ತ ನೋಡಿದ. ಆಮೇಲೆ ನೆನಪಾಯಿತೇನೋ, ಮೆಲ್ಲಗೆ ಅಂಚಿಗೆ ಸರಿದು, ಒಂದಿಷ್ಟು ತಿರುಗಿ, ಎರಡೂ ತೋಳು ಎತ್ತಿದ. ನೆರಳು ಬಿದ್ದಿತು, ಮೈ ಎದ್ದಿತು. ಹಿಂದಿನ ಸಾಲಿನಿಂದ ಒಂದು ಮುದಿ ದನಿ “ಮೇಲೆ!” ಎಂದಿತು. ಅವನು ತೋಳು ಇಳಿಸಿದ. “ಕೆಳಗೆ!” ಎಂದರು ನಾಲ್ಕಾರು ಜನ. ಮತ್ತೆ ಎತ್ತಿದ. “ಮೇಲೆ!” ಎಂದು ಇಡೀ ಹಿಂಭಾಗವೇ ಕೂಗಿತು. ಆಮೇಲೆ ಅವನ ತೋಳಿಗೂ ಆ ಜನಕ್ಕೂ ಬಿಡುವೇ ಇಲ್ಲ. ಮೊದಲು ನಕ್ಕವರೂ ಕೂಗತೊಡಗಿದರು. ತೀರ್ಪುಗಾರರಲ್ಲಿ ಒಬ್ಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

ಅಷ್ಟರಲ್ಲಿ ಇನ್ನೊಂದು ಆಯಿತು. ಅದೇ ಸಾಲಿನಲ್ಲಿ ನಿಂತಿದ್ದ, ಬ್ರೆಡ್ಡಿನ ವ್ಯಾನು ಓಡಿಸುವವನು ನಾಳೆಯಕ್ಕನ ಕೈಯಲ್ಲೇ ಬಣ್ಣ ಹಚ್ಚಿಸಿಕೊಂಡವನು, ಅವಳ ಹೆಮ್ಮೆಯ ಕೆಲಸ. ಅವನು ತೋಳೆತ್ತಿದಾಗ ಕಂಕುಳು ಎರಡೂ ಹಸಿರು. ಸೆಂಟು ಹೊಡೆದುಕೊಳ್ಳಬೇಡ, ಬಣ್ಣ ಕೆಡುತ್ತದೆ ಎಂದು ಅವಳು ಬಾಯಿ ನೋಯುವಷ್ಟು ಹೇಳಿದ್ದಳು. ಪಾಪ, ಬೆವರಿನ ವಾಸನೆಗೆ ನಾಚಿ ಹೊಡೆದುಕೊಂಡಿದ್ದ. “ಯಾರು ಹಚ್ಚಿದ್ದು ಅಂತ ಕೇಳಿದ್ರೆ ನನ್ನ ಹೆಸ್ರು ಹೇಳ್ಬೇಡಿ,” ಎಂದು ನಾಳೆಯಕ್ಕ ನನ್ನ ಸೆರಗಿನೊಳಗೆ ಮುಖ ಮುಚ್ಚಿಕೊಂಡಳು. ಆದರೂ ಅವನಿಗೆ ಎರಡನೆಯ ಬಹುಮಾನ ಬಂತು.

ತಮ್ಮನಿಗೆ ನಾಲ್ಕನೆಯ ಸ್ಥಾನ. ಬಹುಮಾನ ಇದ್ದದ್ದು ಮೂವರಿಗೇ. ಆದರೆ ಹೆಸರು ಕರೆದಾಗ ಎದ್ದ ಸದ್ದು ಗೆದ್ದವನಿಗೂ ಎದ್ದಿರಲಿಲ್ಲ. ಮೆಟ್ಟಿಲಿನಲ್ಲಿ ನೀರು ಕಳಿಸಿದ ಮುದುಕಿ ವೇದಿಕೆಯ ಬುಡಕ್ಕೇ ಬಂದು ಅವನ ತೋಳನ್ನು ತರಕಾರಿ ಹಿಚುಕಿ ನೋಡುವ ಹಾಗೆ ಹಿಚುಕಿ, “ಪರವಾಗಿಲ್ಲಪ್ಪ, ಇನ್ನು ನೀನೇ ನನಗೆ ನೀರು ತಂದ್ಕೊಡಬಹುದು,” ಎಂದರು. ಬೇಕರಿಯವಳು ಕಣ್ಣು ಒರೆಸಿಕೊಂಡು, ಯಾಕೆ ಅಳುತ್ತೀಯ ಎಂದರೆ ದೀಪ ಕಣ್ಣಿಗೆ ಹೊಡೆಯಿತು ಎಂದಳು.

ಸೋಮವಾರ ಬೆಳಿಗ್ಗೆ ನಾನು ಟವೆಲ್ಲುಗಳನ್ನು ನೆನೆಹಾಕುತ್ತಿದ್ದೆ, ನಾಳೆಯಕ್ಕ ಗುಡಾರದ ಬಟ್ಟೆ ಬಿಚ್ಚಿ ತೊಟ್ಟಿಗೆ ತಂದಳು. ಸ್ಪರ್ಧೆಯ ಬಣ್ಣವೆಲ್ಲ ಅದರ ಮೇಲೇ ಕೂತಿತ್ತು. ತಮ್ಮ ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಂದು ನಿಂತ.

“ಬಣ್ಣ ಇದ್ದಿದ್ರೆ ಮೂರನೇದು ಬರ್ತಿತ್ತು ಅಕ್ಕ,” ಎಂದ.

“ಬಣ್ಣ ಇದ್ದಿದ್ರೆ ಆಸ್ಪತ್ರೆ ಬರ್ತಿತ್ತು. ಕೈ ತೋರ್ಸು.”

ಎಡಗೈ ತೋರಿಸಿದ. ಕೆಂಪು ಇಳಿದಿತ್ತು, ಗುಳ್ಳೆ ಒಣಗುತ್ತಿತ್ತು. ಅವಳು ಬೆಳಕಿಗೆ ಹಿಡಿದು ನೋಡಿ, ಮುಲಾಮು ಹಚ್ಚಿದೆಯಾ, ಕೆರೆದುಕೊಂಡೆಯಾ ಎಂದು ಕೇಳಿ, ಕೈ ಬಿಟ್ಟಳು.

“ಬರೋ ವರ್ಷಕ್ಕೆ ಡಾಕ್ಟರಮ್ಮ ಪರೀಕ್ಷೆ ಮಾಡಿ ಯಾವ ಬಾಟ್ಲಿ ಆಗುತ್ತೆ ಅಂತ ಹೇಳ್ತಾರಂತೆ,” ಎಂದ.

“ಯಾವುದೂ ಆಗಲ್ಲ ಅಂದ್ರೆ?”

“ಆಗದಿದ್ರೆ ಬೇಡ. ಅಂಚಿನ ಜಾಗ ಮಾತ್ರ ನನಗೇ ಬೇಕು ಅಂತ ಕಾರ್ಯದರ್ಶಿಗೆ ಈಗಲೇ ಹೇಳಿಟ್ಟಿದ್ದೀನಿ.”

“ಸರಿ, ಬಂದೋನು ಆ ತುದಿ ಹಿಡ್ಕೋ,” ಎಂದಳು ಅವಳು. “ಅಜ್ಜಿಗೂ ನನಗೂ ಈ ಬಟ್ಟೆ ಹಿಂಡೋಕಾಗಲ್ಲ.”

ನೀರು ಕುಡಿದು ಭಾರವಾಗಿದ್ದ ಗುಡಾರದ ಬಟ್ಟೆಯ ಒಂದು ತುದಿ ಅವನು ಹಿಡಿದ, ಇನ್ನೊಂದು ತುದಿ ಅವಳು ಹಿಡಿದಳು. ಅವನು ಆ ಕಡೆ ತಿರುಚಿದ, ಇವಳು ಈ ಕಡೆ ತಿರುಚಿದಳು. ಕಂದು ನೀರು ದಬದಬ ಸುರಿದು ಮೋರಿಗೆ ಹೋಯಿತು. ನೀರು ತಿಳಿಯಾಗುವವರೆಗೆ ಮತ್ತೆ ಅದ್ದಿದರು, ಮತ್ತೆ ಹಿಂಡಿದರು, ಕೊಡವಿ ಹಗ್ಗದ ಮೇಲೆ ಹಾಕಿದರು. ನಾನು ಕ್ಲಿಪ್ಪು ಸಿಕ್ಕಿಸಿದೆ.